ವಿಕಿರಣ ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೆ ರಕ್ತಸ್ರಾವ: ಸೊರಗಿದ ರಕ್ತನಾಳಗಳಿಗೆ ಚಿಕಿತ್ಸೆ ಏನು?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಮೂರು ವರ್ಷದ ಹಿಂದೆ ಗರ್ಭಕೊರಳಿನ ಕ್ಯಾನ್ಸರ್‌ಗೆಂದು 25 ದಿನ ಹೊರಗಿನಿಂದ ಕರೆಂಟ್ ಕೊಟ್ಟು, ಆಮೇಲೆ ಒಳಗಿನಿಂದಲೂ ನಾಲ್ಕು ಸಲ ಕೊಟ್ಟಿದ್ದರು. ಕಾಯಿಲೆ ಪೂರ್ತಿ ಹೋಗಿದೆ ಎಂದು ಹೇಳಿದ್ದರು. ಈಗ ಎಂಟು ತಿಂಗಳಿಂದ ಮಲದ ಜೊತೆ ಕೆಂಪು ರಕ್ತ ಹೋಗುತ್ತಿದೆ. ಮೊದಲು ಮೂಲವ್ಯಾಧಿ ಎಂದುಕೊಂಡು ಎರಡು ತಿಂಗಳು ಮಾತ್ರೆ, ಮುಲಾಮು ಬಳಸಿದೆವು. ಹಿಮೋಗ್ಲೋಬಿನ್ 7.8ಕ್ಕೆ ಇಳಿದಿದೆ. ಕೊಲೊನೋಸ್ಕೋಪಿ ಮಾಡಿದ ವೈದ್ಯರು ಕರೆಂಟಿನಿಂದ ಗುದನಾಳದ ರಕ್ತನಾಳಗಳು ಹಾಳಾಗಿವೆ ಎಂದರು. ಇದು ಕ್ಯಾನ್ಸರ್ ಮರಳಿದ ಲಕ್ಷಣವೇ? ಬಯಾಪ್ಸಿ ಬೇಡವೇ? ಹಾಳಾದ ರಕ್ತನಾಳಗಳು ಮತ್ತೆ ಸರಿಯಾಗುತ್ತವೆಯೇ? ಆಕ್ಸಿಜನ್ ಕೋಣೆಯಲ್ಲಿ ಕೂರಿಸಿದರೆ ವಾಸಿಯಾಗುತ್ತದೆ ಎನ್ನುತ್ತಾರೆ, ಅದು ನಿಜವೇ? ದೇಹದ ಬೇರೆ ರಕ್ತನಾಳಗಳಿಗೂ ಹೀಗೇ ಆಗುತ್ತದೆಯೇ?

ಉತ್ತರ: ನೀವು ಬರೆದಿರುವ ವಿವರಗಳನ್ನು ನೋಡಿದರೆ ನಿಮ್ಮ ತಾಯಿಯವರಿಗೆ ಬಂದಿರುವುದು ವಿಕಿರಣದಿಂದ ಗುದನಾಳಕ್ಕೆ ತಡವಾಗಿ ಆಗುವ ಹಾನಿ. ವೈದ್ಯರು ಇದನ್ನು ರೇಡಿಯೇಷನ್ ಪ್ರಾಕ್ಟೈಟಿಸ್ ಎಂದು ಕರೆಯುತ್ತಾರೆ. ಈ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಪ್ರಾಕ್ಟೈಟಿಸ್ ಎಂದರೆ ಗುದನಾಳದ ಉರಿಯೂತ. ಆದರೆ ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೆ ಕಾಣಿಸಿಕೊಳ್ಳುವ ಈ ಹಂತದಲ್ಲಿ ಉರಿಯೂತ ಹೆಚ್ಚೇನೂ ಇರುವುದಿಲ್ಲ. ಇಲ್ಲಿ ಕಾಯಿಲೆ ಇರುವುದು ರಕ್ತನಾಳಗಳಲ್ಲಿ. ಇದನ್ನು ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಉರಿಯೂತ ಎಂದುಕೊಂಡು ತಿಂಗಳುಗಟ್ಟಲೆ ಸ್ಟೀರಾಯ್ಡ್ ಎನಿಮಾ (ಮಲದ್ವಾರದಿಂದ ಒಳಗೆ ಬಿಡುವ ಔಷಧ) ಮತ್ತು ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆಗಳನ್ನು ಬಳಸಿ, ರಕ್ತ ನಿಲ್ಲದೆ, ಹಿಮೋಗ್ಲೋಬಿನ್ ಇಳಿಯುತ್ತಲೇ ಹೋದ ಹಲವರನ್ನು ನಾನು ನೋಡಿದ್ದೇನೆ. ಕಾಯಿಲೆ ಯಾವುದರಲ್ಲಿದೆ ಎಂಬುದು ತಿಳಿದರೆ ಚಿಕಿತ್ಸೆಯ ದಾರಿಯೂ ಅರ್ಧ ತಿಳಿದಂತೆ.

ನಮ್ಮ ಕಡೆ ಜನ ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಅದರಲ್ಲಿ ವಿದ್ಯುತ್ತೇನೂ ದೇಹಕ್ಕೆ ಹರಿಯುವುದಿಲ್ಲ. ಹೋಗುವುದು ಹೆಚ್ಚು ಶಕ್ತಿಯ ಕಿರಣಗಳು. ಅವು ಜೀವಕೋಶದೊಳಗಿನ ಡಿಎನ್‌ಎಯನ್ನು ತುಂಡರಿಸುತ್ತವೆ. ಬೇಗ ಬೇಗ ವಿಭಜನೆಯಾಗುವ ಕೋಶಗಳು, ಅಂದರೆ ಕ್ಯಾನ್ಸರ್ ಕೋಶಗಳು ಮತ್ತು ಅವುಗಳ ಜೊತೆಗೆ ಕರುಳಿನ ಒಳಪದರದ ಕೋಶಗಳು, ಕೆಲವೇ ದಿನಗಳಲ್ಲಿ ಸಾಯುತ್ತವೆ. ಆದ್ದರಿಂದಲೇ ಚಿಕಿತ್ಸೆ ನಡೆಯುತ್ತಿರುವಾಗ ಭೇದಿ, ಉರಿ, ನೋವು ಬರುತ್ತವೆ. ಕರುಳಿನ ಒಳಪದರ ಮತ್ತೆ ಬೆಳೆಯುವುದರಿಂದ ಕೆಲವು ವಾರಗಳಲ್ಲಿ ಆ ತೊಂದರೆ ಇಳಿಯುತ್ತದೆ. ರಕ್ತನಾಳಗಳ ಒಳಗೋಡೆಗೆ ಹಾಸಿದಂತಿರುವ ತೆಳುಪದರದ ಕೋಶಗಳ ಕಥೆ ಬೇರೆ. ಅವು ತೀರಾ ನಿಧಾನವಾಗಿ ವಿಭಜನೆಯಾಗುವಂಥವು. ಕಿರಣದ ಪೆಟ್ಟು ಬಿದ್ದದ್ದು ಇಂದಾದರೂ ಅದರ ಪರಿಣಾಮ ಆರು ತಿಂಗಳಿಗೋ ಎರಡು ವರ್ಷಕ್ಕೋ ಇನ್ನೂ ತಡವಾಗಿಯೋ ಹೊರಬೀಳುತ್ತದೆ. ‘ಆಗ ಏನೂ ಆಗದೆ ಈಗೇಕೆ’ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಕುಟುಂಬವೂ ಕೇಳುತ್ತದೆ. ಅದಕ್ಕೆ ಉತ್ತರ ಇದೇ.

ಆ ತೆಳುಪದರ ಕೆಟ್ಟಾಗ ನಡೆಯುವುದು ಒಂದರ ಹಿಂದೊಂದು. ಸಣ್ಣ ಧಮನಿಗಳ ಒಳಗೋಡೆ ಊದಿಕೊಂಡು ದಪ್ಪವಾಗುತ್ತದೆ, ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ, ಗೋಡೆಯ ಸುತ್ತ ನಾರಿನಂಥ ಅಂಗಾಂಶ ಬೆಳೆದು ನಾಳ ಇನ್ನಷ್ಟು ಕಿರಿದಾಗುತ್ತದೆ. ಆ ನಾಳವನ್ನೇ ನೆಚ್ಚಿಕೊಂಡಿದ್ದ ಭಾಗಕ್ಕೆ ಆಮ್ಲಜನಕ ಸಾಲದಾಗುತ್ತದೆ. ಆಮ್ಲಜನಕ ಸಾಲದ ಅಂಗಾಂಶವು ಹೊಸ ರಕ್ತನಾಳಗಳು ಹುಟ್ಟಲಿ ಎಂಬ ರಾಸಾಯನಿಕ ಸಂದೇಶವನ್ನು ಹೊರಡಿಸುತ್ತದೆ. ಅದರಂತೆ ಹೊಸ ನಾಳಗಳು ಹುಟ್ಟುತ್ತವೆ, ಆದರೆ ಅವು ಅವಸರದಲ್ಲಿ ಕಟ್ಟಿದ ಗುಡಿಸಲಿನಂಥವು: ಗೋಡೆ ತೆಳು, ಆಧಾರ ಕಡಿಮೆ, ಗಟ್ಟಿ ಮಲ ಸವರಿಕೊಂಡು ಹೋದರೂ ಸಾಕು, ಒಡೆಯುತ್ತವೆ. ಇವಕ್ಕೆ ಟೆಲಾಂಜಿಯೆಕ್ಟೇಸಿಯಾ ಎಂದು ಹೆಸರು. ನಿಮ್ಮ ತಾಯಿಯವರ ಕೊಲೊನೋಸ್ಕೋಪಿ ವರದಿಯಲ್ಲಿ ಈ ಪದ ಇದ್ದೇ ಇರಬೇಕು. ದರ್ಶಕದ ಪರದೆಯ ಮೇಲೆ ಆರೋಗ್ಯವಂತ ಗುದನಾಳ ತಿಳಿಗುಲಾಬಿ ಬಣ್ಣದಲ್ಲಿ ಹೊಳೆಯುತ್ತದೆ, ಅದರೊಳಗಿನ ನಾಳಗಳು ಮರದ ಕೊಂಬೆಯ ಹಾಗೆ ಕ್ರಮವಾಗಿ ಕವಲೊಡೆದಿರುತ್ತವೆ. ವಿಕಿರಣ ತಗುಲಿದ ಗುದನಾಳ ಬಿಳಚಿಕೊಂಡಿರುತ್ತದೆ. ಆ ಬಿಳುಪಿನ ಮೇಲೆ ಕಡುಗೆಂಪು ಎಳೆಗಳು ಸಿಕ್ಕುಸಿಕ್ಕಾಗಿ ಹರಡಿಕೊಂಡಿರುತ್ತವೆ. ದರ್ಶಕದ ತುದಿ ಮೆಲ್ಲಗೆ ತಾಗಿದರೂ ಒಂದು ಎಳೆಯಿಂದ ರಕ್ತ ಜಿನುಗತೊಡಗುತ್ತದೆ. ಈ ಎಳೆಗಳು ಹೆಚ್ಚಾಗಿ ಗುದನಾಳದ ಮುಂಭಾಗದ ಗೋಡೆಯ ಮೇಲೇ ಇರುತ್ತವೆ, ಏಕೆಂದರೆ ಗರ್ಭಕೊರಳು ಅದಕ್ಕೆ ಒತ್ತಿಕೊಂಡಂತೆ ಮುಂದಿರುತ್ತದೆ. ಒಳಗಿನಿಂದ ಕೊಟ್ಟ ವಿಕಿರಣದಲ್ಲಿ ಹೆಚ್ಚಿನ ಪಾಲು ಬಿದ್ದಿರುವುದೂ ಅಲ್ಲಿಯೇ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಇದು ಕ್ಯಾನ್ಸರ್ ಮರಳಿದ ಲಕ್ಷಣವೇ ಎಂದರೆ, ಮೇಲೆ ಹೇಳಿದ ಚಿತ್ರವೇ ಕೊಲೊನೋಸ್ಕೋಪಿಯಲ್ಲಿ ಕಂಡಿದ್ದು, ಗಡ್ಡೆಯಾಗಲಿ ಅಂಚು ಗಟ್ಟಿಯಾದ ಹುಣ್ಣಾಗಲಿ ಇಲ್ಲದಿದ್ದರೆ, ಅಲ್ಲ ಎಂದೇ ತಿಳಿಯಬಹುದು. ಆದರೂ ಚಿಕಿತ್ಸೆ ಕೊಟ್ಟ ವಿಕಿರಣ ತಜ್ಞರಿಂದ ಒಮ್ಮೆ ಒಳಪರೀಕ್ಷೆ ಮಾಡಿಸಬೇಕು, ಅವರಿಗೆ ಅನುಮಾನ ಬಂದರೆ ಹೊಟ್ಟೆಯ ಕೆಳಭಾಗದ ಎಂಆರ್‌ಐ ಮಾಡಿಸಬೇಕು. ರಕ್ತ ಬರುತ್ತಿರುವುದು ಮಲದ್ವಾರದಿಂದಲೇ, ಯೋನಿಯಿಂದಲೋ ಮೂತ್ರದಲ್ಲಿಯೋ ಅಲ್ಲ ಎಂಬುದನ್ನು ತಾಯಿಯವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಮಗನ ಮುಂದೆ ಹೇಳಲು ಅವರಿಗೆ ಸಂಕೋಚವಾದರೆ ಮನೆಯ ಹೆಣ್ಣುಮಕ್ಕಳು ಕೇಳಲಿ. ಈ ಸಂಕೋಚದಿಂದಾಗಿಯೇ ತಿಂಗಳುಗಳು ಕಳೆದುಹೋಗುವುದನ್ನು ನೋಡಿದ್ದೇನೆ. ಕೊಲೊನೋಸ್ಕೋಪಿಯನ್ನು ಗುದನಾಳದಲ್ಲೇ ನಿಲ್ಲಿಸದೆ ದೊಡ್ಡ ಕರುಳಿನ ಕೊನೆಯವರೆಗೂ ಮಾಡಿದ್ದಾರೆಯೇ ಎಂಬುದನ್ನೂ ವರದಿಯಲ್ಲಿ ನೋಡಿ. ಈ ವಯಸ್ಸಿನಲ್ಲಿ ಕರುಳಿನ ಬೇರೆ ಕಾಯಿಲೆಯೂ ರಕ್ತಕ್ಕೆ ಕಾರಣವಾಗಿರಬಹುದು.

ಬಯಾಪ್ಸಿಯ ವಿಷಯದಲ್ಲಿ ನಿಮ್ಮ ವೈದ್ಯರು ಬೇಡ ಎಂದಿದ್ದರೆ ಅವರಿಗೆ ನನ್ನ ಪೂರ್ಣ ಸಹಮತವಿದೆ. ರಕ್ತ ಬರುತ್ತಿರುವ ಜಾಗದಿಂದ ಒಂದು ಚೂರು ತೆಗೆದು ನೋಡಿಬಿಡೋಣ ಎನ್ನಿಸುವುದು ಸಹಜ. ಆದರೆ ಮುಂಭಾಗದ ಆ ಗೋಡೆಗೆ ರಕ್ತ ಪೂರೈಕೆಯೇ ಸಾಲದಾಗಿದೆ. ಚೂರು ತೆಗೆದ ಗಾಯ ಮಾಯದೆ ಹುಣ್ಣಾಗಿ, ಹುಣ್ಣು ಆಳಕ್ಕಿಳಿದು, ಗುದನಾಳಕ್ಕೂ ಯೋನಿಗೂ ನಡುವೆ ರಂಧ್ರವೇ ಬಿದ್ದು ಮಲ ಯೋನಿಯ ಮೂಲಕ ಬರತೊಡಗಿದ ಉದಾಹರಣೆಗಳಿವೆ. ನಿಜವಾದ ಅನುಮಾನವಿದ್ದು ಬಯಾಪ್ಸಿ ಮಾಡಲೇಬೇಕಾದರೆ ವಿಕಿರಣ ಕಡಿಮೆ ಬಿದ್ದಿರುವ ಹಿಂಭಾಗದ ಅಥವಾ ಪಕ್ಕದ ಗೋಡೆಯಿಂದ ತೆಗೆಯುತ್ತಾರೆ. ಮೂಲವ್ಯಾಧಿಯೆಂದು ತಿಳಿದು ರಬ್ಬರ್ ಬ್ಯಾಂಡ್ ಹಾಕುವುದಕ್ಕೂ ಶಸ್ತ್ರಚಿಕಿತ್ಸೆ ಮಾಡುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹಿಂದೊಮ್ಮೆ ನನ್ನ ಬಳಿಗೆ ಬಂದ ಒಬ್ಬ ಮಹಿಳೆಗೆ ಬೇರೊಂದು ಕಡೆ ಮೂಲವ್ಯಾಧಿಯ ಶಸ್ತ್ರಚಿಕಿತ್ಸೆ ಆಗಿತ್ತು. ಐದು ವರ್ಷದ ಹಿಂದೆ ವಿಕಿರಣ ಚಿಕಿತ್ಸೆ ಪಡೆದಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ, ಅವರಾಗಿ ಹೇಳಿಯೂ ಇರಲಿಲ್ಲ. ಕೆಲವು ವಾರಗಳಲ್ಲಿ ಮಾಯಬೇಕಿದ್ದ ಗಾಯ ಏಳು ತಿಂಗಳಾದರೂ ಮಾಯದೆ, ಅವರು ಕುಳಿತುಕೊಳ್ಳಲಾಗದೆ ಒಂದು ಮಗ್ಗುಲಿಗೆ ವಾಲಿಕೊಂಡು ಮಾತನಾಡುತ್ತಿದ್ದರು. ವಿಕಿರಣ ತಗುಲಿದ ಜಾಗದಲ್ಲಿ ಎಷ್ಟು ಕಡಿಮೆ ಕೈಯಾಡಿಸಿದರೆ ಅಷ್ಟು ಕ್ಷೇಮ ಎಂಬುದನ್ನು ನಾನು ಪಠ್ಯದಿಂದ ಕಲಿತದ್ದಕ್ಕಿಂತ ಇಂಥವರಿಂದ ಕಲಿತದ್ದು ಹೆಚ್ಚು.

ಈಗ ಚಿಕಿತ್ಸೆಗೆ ಬರೋಣ. ಹಾಳಾದ ರಕ್ತನಾಳಗಳು ಮತ್ತೆ ಮೊದಲಿನಂತಾಗುತ್ತವೆಯೇ ಎಂದರೆ, ಆಗುವುದಿಲ್ಲ. ಮುಚ್ಚಿಹೋದ ಕಿರುಧಮನಿಯನ್ನು ತೆರೆಸುವ ಔಷಧ ಇಲ್ಲ. ನಾವು ಮಾಡಬಹುದಾದದ್ದು ಎರಡು: ಒಡೆದು ರಕ್ತ ಸುರಿಸುತ್ತಿರುವ ದುರ್ಬಲ ನಾಳಗಳನ್ನು, ಅವುಗಳ ಕೆಳಗಿರುವ ಸೊರಗಿದ ಗೋಡೆಗೆ ಪೆಟ್ಟಾಗದಂತೆ ಮುಚ್ಚುವುದು, ಮತ್ತು ಉಳಿದಿರುವ ಅಂಗಾಂಶಕ್ಕೆ ಆಮ್ಲಜನಕ ಹೆಚ್ಚು ಸಿಗುವಂತೆ ನೋಡಿಕೊಳ್ಳುವುದು. ಮುಂದೆ ಹೇಳುವ ಚಿಕಿತ್ಸೆಗಳೆಲ್ಲ ಈ ಎರಡರಲ್ಲಿ ಒಂದನ್ನು ಮಾಡಲು ಯತ್ನಿಸುವಂಥವು.

ಎಲ್ಲಕ್ಕಿಂತ ಮೊದಲು ರಕ್ತಹೀನತೆಯನ್ನು ಸರಿಪಡಿಸಬೇಕು. ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಇರಬೇಕಾದ ಕಡೆ 7.8 ಎಂದರೆ, ಮೊದಲೇ ಆಮ್ಲಜನಕ ಸಾಲದ ಗುದನಾಳಕ್ಕೆ ಇನ್ನೂ ಕಡಿಮೆ ಆಮ್ಲಜನಕ ತಲುಪುತ್ತಿದೆ ಎಂದರ್ಥ. ರಕ್ತನಾಳದ ಮೂಲಕ ಕೊಡುವ ಕಬ್ಬಿಣಾಂಶ ಇಲ್ಲಿ ಮಾತ್ರೆಗಿಂತ ಮೇಲು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬುದನ್ನು ಒಂದೋ ಎರಡೋ ಸಲ ಡ್ರಿಪ್ಪಿನಲ್ಲಿ ಕೊಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ, ಐರನ್ ಸುಕ್ರೋಸ್ ಆದರೆ ಹಲವು ಸಲ ಬೇಕು. ಕಬ್ಬಿಣದ ಮಾತ್ರೆಯಿಂದ ಎರಡು ತೊಂದರೆಗಳಿವೆ. ಅದು ಮಲವನ್ನು ಗಟ್ಟಿ ಮಾಡುತ್ತದೆ, ಗಟ್ಟಿ ಮಲ ಎಳೆನಾಳಗಳನ್ನು ಒಡೆಯುತ್ತದೆ. ಜೊತೆಗೆ ಅದು ಮಲವನ್ನು ಕಪ್ಪಾಗಿಸುವುದರಿಂದ ಮೇಲಿನ ಕರುಳಿನಲ್ಲಿ ರಕ್ತಸ್ರಾವವಾಗುತ್ತಿದೆಯೇನೋ ಎಂದು ಮನೆಯವರು ಹೆದರಿ ಓಡಿಬರುತ್ತಾರೆ. ತಲೆಸುತ್ತು, ಎದೆಬಡಿತ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಇದ್ದರೆ ಒಂದು ಬಾಟಲಿ ರಕ್ತ ಕೊಡುವುದಕ್ಕೂ ಹಿಂಜರಿಯಬೇಕಾಗಿಲ್ಲ. ಅವರು ಹೃದಯಕ್ಕೆಂದು ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ತಿಳಿಸಿ. ರಕ್ತ ತೆಳುವಾಗಿಸುವ ಆ ಮಾತ್ರೆಗಳಿಂದ ಸ್ರಾವ ಹೆಚ್ಚಾಗುತ್ತದೆ. ಆದರೆ ಹೃದಯ ತಜ್ಞರನ್ನು ಕೇಳದೆ ನೀವಾಗಿಯೇ ನಿಲ್ಲಿಸಬಾರದು, ವಿಶೇಷವಾಗಿ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದರೆ.

ಗುದನಾಳಕ್ಕೆ ನೇರವಾಗಿ ಕೊಡುವ ಔಷಧಗಳಲ್ಲಿ ನಾನು ಮೊದಲು ಕೈಗೆತ್ತಿಕೊಳ್ಳುವುದು ಸುಕ್ರಾಲ್ಫೇಟ್ ಎನಿಮಾ. ಹೊಟ್ಟೆಯ ಹುಣ್ಣಿಗೆ ಕುಡಿಸುವ ಔಷಧವೇ ಇದು. ಹುಣ್ಣಾದ, ಸುಲಿದ ಜಾಗಕ್ಕೆ ಅಂಟಿಕೊಂಡು ಮೇಲೊಂದು ಪದರ ಕಟ್ಟುತ್ತದೆ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿಗೆ ಉರಿಯೂತ ತಗ್ಗಿಸುವ ಸಲ್ಫಸಲಜಿನ್ ಮಾತ್ರೆಯ ಜೊತೆ ಸ್ಟೀರಾಯ್ಡ್ ಎನಿಮಾ, ಇನ್ನೊಂದು ಗುಂಪಿಗೆ ಸುಕ್ರಾಲ್ಫೇಟ್ ಎನಿಮಾ ಕೊಟ್ಟು ಹೋಲಿಸಿದ್ದರು. ಸುಕ್ರಾಲ್ಫೇಟ್ ಪಡೆದವರಿಗೆ ಹೆಚ್ಚು ಗುಣ ಕಂಡಿತು, ಅಡ್ಡಪರಿಣಾಮವೂ ಕಡಿಮೆಯಿತ್ತು. ಭಾರತದಲ್ಲೇ ನಡೆದ, ಅಗ್ಗದ ಔಷಧದ ಈ ಅಧ್ಯಯನವನ್ನು ಇಂದಿಗೂ ಜಗತ್ತಿನ ಬೇರೆ ಕಡೆಯ ವೈದ್ಯರು ಉಲ್ಲೇಖಿಸುತ್ತಾರೆ. ಎರಡು ಗ್ರಾಂ ಔಷಧವನ್ನು ಸುಮಾರು 20 ಮಿಲಿ ದ್ರವದಲ್ಲಿ ದಿನಕ್ಕೆ ಎರಡು ಸಲ ಒಳಗೆ ಬಿಡಬೇಕು. ಬೆಳಿಗ್ಗೆ ಮಲವಿಸರ್ಜನೆ ಆದ ಮೇಲೊಮ್ಮೆ, ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ. ಎಡಮಗ್ಗುಲಾಗಿ ಮಲಗಿಸಿ, ಸೂಜಿ ಇಲ್ಲದ ಸಿರಿಂಜಿಗೆ ಮೃದುವಾದ ಸಣ್ಣ ನಳಿಕೆ ಜೋಡಿಸಿ, ಜೆಲ್ ಸವರಿ, ಅವಸರ ಮಾಡದೆ ಬಿಡಬೇಕು. ಆಮೇಲೆ ಸ್ವಲ್ಪ ಹೊತ್ತು ಬೋರಲಾಗಿ ಮಲಗಲು ಹೇಳಬೇಕು. ಹಾನಿ ಇರುವುದು ಮುಂಭಾಗದ ಗೋಡೆಯಲ್ಲಾದ್ದರಿಂದ ಬೆನ್ನ ಮೇಲೆ ಮಲಗಿದರೆ ಔಷಧ ಬೇಡದ ಕಡೆ ಹರಿದುಹೋಗುತ್ತದೆ. ಆಸ್ಪತ್ರೆಯಲ್ಲಿ ಈ ಚಿಕ್ಕ ಮಾತನ್ನು ಹೇಳಿಕಳಿಸಲು ನಾವು ಮರೆಯುತ್ತೇವೆ. ಮೊದಲ ಸಲ ಶುಶ್ರೂಷಕಿಯರಿಂದ ತೋರಿಸಿಕೊಂಡೇ ಮನೆಯಲ್ಲಿ ಶುರುಮಾಡಿ. ಪರಿಣಾಮ ಕಾಣಲು ನಾಲ್ಕು ವಾರವಾದರೂ ಬೇಕು.

ಇಷ್ಟರಲ್ಲಿ ರಕ್ತ ನಿಲ್ಲದಿದ್ದರೆ, ಅಥವಾ ನಿಮ್ಮ ತಾಯಿಯವರಂತೆ ಹಿಮೋಗ್ಲೋಬಿನ್ ಆಗಲೇ ಕೆಳಗಿಳಿದಿದ್ದರೆ, ಆ ನಾಳಗಳನ್ನು ಸುಟ್ಟು ಮುಚ್ಚುವ ಚಿಕಿತ್ಸೆಗೆ ಹೋಗುವುದು ಸರಿ. ಆರ್ಗಾನ್ ಪ್ಲಾಸ್ಮಾ ಎಂಬ ವಿಧಾನದಲ್ಲಿ ಕೊಲೊನೋಸ್ಕೋಪಿನೊಳಗಿಂದ ಸಣ್ಣ ನಳಿಕೆ ತೂರಿಸಿ ಆರ್ಗಾನ್ ಅನಿಲವನ್ನು ಊದುತ್ತಾರೆ, ಅದರ ಮೂಲಕ ವಿದ್ಯುತ್ ಹರಿಸುತ್ತಾರೆ. ನಳಿಕೆಯ ತುದಿ ಗೋಡೆಯನ್ನು ಮುಟ್ಟುವುದಿಲ್ಲ. ಒಂದೆರಡು ಮಿಲಿಮೀಟರ್ ದೂರದಿಂದಲೇ ನೀಲಿ ಕಿಡಿ ಹಾರಿ ಕೆಂಪು ಎಳೆ ಕಣ್ಣೆದುರೇ ಬೆಳ್ಳಗಾಗುತ್ತದೆ. ಸುಡುವ ಆಳ ಕೆಲವೇ ಮಿಲಿಮೀಟರ್‌ಗೆ ಸೀಮಿತವಾಗಿರುವುದೇ ಇದರ ದೊಡ್ಡ ಅನುಕೂಲ. ಹೆಚ್ಚಿನವರಲ್ಲಿ ಎರಡು ಮೂರು ಸಲ, ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಮಾಡಿದರೆ ರಕ್ತ ನಿಲ್ಲುತ್ತದೆ ಅಥವಾ ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಇಲ್ಲಿ ಎರಡು ಎಚ್ಚರಿಕೆಗಳಿವೆ. ಎಲ್ಲ ಎಳೆಗಳನ್ನೂ ಒಂದೇ ದಿನ ಸುಟ್ಟುಬಿಡೋಣ ಎಂಬ ಹಟ ಬೇಡ. ದೊಡ್ಡ ಜಾಗವನ್ನು ಸುಟ್ಟರೆ ಆ ಸೊರಗಿದ ಗೋಡೆಯಲ್ಲಿ ಮಾಯದ ಹುಣ್ಣು ಬೀಳುತ್ತದೆ, ನೋವು ತಿಂಗಳುಗಟ್ಟಲೆ ಇರುತ್ತದೆ. ಎರಡನೆಯದು, ಚಿಕಿತ್ಸೆ ಗುದನಾಳಕ್ಕೆ ಮಾತ್ರವಾದರೂ ಪೂರ್ಣ ಕೊಲೊನೋಸ್ಕೋಪಿಗೆ ಮಾಡುವಂತೆ ಭೇದಿ ಔಷಧ ಕುಡಿಸಿ ಇಡೀ ಕರುಳನ್ನು ಸ್ವಚ್ಛಗೊಳಿಸಿರಬೇಕು. ಕೇವಲ ಎನಿಮಾ ಕೊಟ್ಟು ಮಾಡಿದಾಗ ಕರುಳಿನಲ್ಲಿ ಉಳಿದಿದ್ದ ಮೀಥೇನ್, ಹೈಡ್ರೋಜನ್ ಅನಿಲಗಳು ಕಿಡಿ ತಾಗಿ ಸ್ಫೋಟಿಸಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಆ ಭೇದಿ ಔಷಧ ಕುಡಿಯುವುದು ಹಿಂಸೆ ಎಂದು ತಾಯಿಯವರು ಬೇಸರಪಟ್ಟುಕೊಂಡರೆ ಈ ಕಾರಣವನ್ನು ಅವರಿಗೆ ತಿಳಿಸಿ ಹೇಳಿ.

ಆರ್ಗಾನ್ ಯಂತ್ರ ಎಲ್ಲ ಊರುಗಳಲ್ಲೂ ಇರುವುದಿಲ್ಲ. ಅದಿಲ್ಲದ ಕಡೆ ಫಾರ್ಮಲಿನ್ ಇದೆ. ಬಯಾಪ್ಸಿಯ ಚೂರನ್ನು ಪ್ರಯೋಗಾಲಯಕ್ಕೆ ಕಳಿಸುವ ಡಬ್ಬಿಯಲ್ಲಿ ತುಂಬಿರುವ ದ್ರಾವಣವೇ ಇದು. ಹೆಸರು ಕೇಳಿದರೆ ಜನ ಗಾಬರಿಯಾಗುತ್ತಾರೆ. ನಾಲ್ಕು ಶೇಕಡ ಫಾರ್ಮಲಿನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯ ತುಂಡನ್ನು ಪ್ರಾಕ್ಟೋಸ್ಕೋಪ್ ಎಂಬ, ಗುದನಾಳ ನೋಡುವ ಗಿಡ್ಡ ಕೊಳವೆಯ ಮೂಲಕ ರಕ್ತ ಜಿನುಗುವ ಜಾಗಕ್ಕೆ ಎರಡು ಮೂರು ನಿಮಿಷ ಒತ್ತಿಹಿಡಿದು, ಸ್ರಾವ ನಿಂತ ಕೂಡಲೇ ನೀರಿನಿಂದ ಚೆನ್ನಾಗಿ ತೊಳೆಯುತ್ತಾರೆ. ಹೊರಗಿನ ಚರ್ಮಕ್ಕೆ ತಾಗದಂತೆ ಮೊದಲೇ ವ್ಯಾಸಲಿನ್ ಸವರಿರಬೇಕು, ಇಲ್ಲದಿದ್ದರೆ ವಿಪರೀತ ಉರಿಯಾಗುತ್ತದೆ. ನುರಿತ ಕೈ ಇದ್ದರೆ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲೂ ಕೆಲವೇ ನಿಮಿಷಗಳಲ್ಲಿ ಆಗುವ, ಖರ್ಚೇ ಇಲ್ಲ ಎನ್ನಬಹುದಾದ ಚಿಕಿತ್ಸೆ ಇದು. ಹೊಸ ಯಂತ್ರಗಳ ಮೋಹದಲ್ಲಿ ಇದನ್ನು ಮರೆಯುತ್ತಿರುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಫಾರ್ಮಲಿನ್ ಹೆಚ್ಚು ಹೊತ್ತು ನಿಂತರೆ ಗುದನಾಳ ಕಿರಿದಾಗುವ, ಮಲದ ಹಿಡಿತ ತಪ್ಪುವ ಅಪಾಯವುಂಟು. ಆಳವಾದ ಹುಣ್ಣಿದ್ದವರಿಗೆ ಇದು ಸಲ್ಲದು.

ಆಕ್ಸಿಜನ್ ಕೋಣೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದರ ಬಗ್ಗೆ ಭರವಸೆಯ ಮಾತೂ ಹೆಚ್ಚು, ಖರ್ಚೂ ಹೆಚ್ಚು. ಸಮುದ್ರದಾಳದಿಂದ ಅವಸರವಾಗಿ ಮೇಲೆದ್ದ ಮುಳುಗುಗಾರರ ಚಿಕಿತ್ಸೆಗೆ ಬಳಸುವ ಕೋಣೆಯಂಥದ್ದೇ ಇದು. ಒಳಗಿನ ಒತ್ತಡವನ್ನು ಸಾಮಾನ್ಯ ವಾತಾವರಣದ ಎರಡರಿಂದ ಎರಡೂವರೆ ಪಟ್ಟು ಏರಿಸಿ, ಸುಮಾರು 90 ನಿಮಿಷ ಶುದ್ಧ ಆಮ್ಲಜನಕ ಉಸಿರಾಡಿಸುತ್ತಾರೆ. ವಾರಕ್ಕೆ ಐದು ದಿನದಂತೆ 30ರಿಂದ 40 ಸಲ. ಅಷ್ಟು ಒತ್ತಡದಲ್ಲಿ ರಕ್ತದ ಕೆಂಪು ಕಣಗಳಲ್ಲದೆ ದ್ರವಭಾಗವೂ ಆಮ್ಲಜನಕವನ್ನು ಕರಗಿಸಿಕೊಂಡು, ಕಿರಿದಾದ ನಾಳಗಳ ಆಚೆಗೂ ಒಯ್ಯುತ್ತದೆ. ಆಗ ಆ ಭಾಗದಲ್ಲಿ ಹೊಸ, ಸರಿಯಾದ ಲೋಮನಾಳಗಳು ಬೆಳೆಯುತ್ತವೆ ಎಂಬುದು ಇದರ ಹಿಂದಿನ ತರ್ಕ. 1983ರಲ್ಲಿ ರಾಬರ್ಟ್ ಮಾರ್ಕ್ಸ್ ಎಂಬ ದವಡೆ ಶಸ್ತ್ರವೈದ್ಯರು ವಿಕಿರಣ ತಗುಲಿದ ಅಂಗಾಂಶದಲ್ಲಿ ಆಮ್ಲಜನಕ, ರಕ್ತನಾಳ, ಜೀವಕೋಶ ಮೂರೂ ಕಡಿಮೆಯಾಗಿರುತ್ತವೆ ಎಂದು ವಿವರಿಸಿದ ಮೇಲೆ ಈ ಚಿಕಿತ್ಸೆ ಹೆಚ್ಚು ಹಬ್ಬಿತು.

ತರ್ಕ ಚೆನ್ನಾಗಿದೆ ಎಂದಮಾತ್ರಕ್ಕೆ ಫಲ ಸಿಗಲೇಬೇಕೆಂದಿಲ್ಲ. ಗುದನಾಳದ ಹಾನಿಗೆ 2008ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನವೊಂದು ಈ ಕೋಣೆಯಿಂದ ಪ್ರಯೋಜನವಿದೆ ಎಂದಿತು. 2016ರಲ್ಲಿ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಕೋಣೆಯಲ್ಲಿ ಕುಳಿತರೂ ನಿಜವಾದ ಚಿಕಿತ್ಸೆ ಪಡೆಯದ ಗುಂಪಿಗೂ ಚಿಕಿತ್ಸೆ ಪಡೆದ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂತ್ರಕೋಶದ ಹಾನಿಯಲ್ಲಿ ಚಿತ್ರ ಇದಕ್ಕಿಂತ ಆಶಾದಾಯಕ: 2019ರಲ್ಲಿ ಪ್ರಕಟವಾದ ನಾರ್ಡಿಕ್ ದೇಶಗಳ ಅಧ್ಯಯನದಲ್ಲಿ ಈ ಚಿಕಿತ್ಸೆ ಪಡೆದವರ ಮೂತ್ರದ ತೊಂದರೆಗಳು ಸ್ಪಷ್ಟವಾಗಿ ಇಳಿದವು. ಅದೇ ವರ್ಷ, ವಿಕಿರಣ ಪಡೆದ ದವಡೆಯಲ್ಲಿ ಹಲ್ಲು ಕೀಳುವ ಮುನ್ನ ಮುಂಜಾಗ್ರತೆಯಾಗಿ ಈ ಕೋಣೆಯಲ್ಲಿ ಕೂರಿಸುವುದರಿಂದ ಮೂಳೆ ಕೊಳೆಯುವುದು ತಪ್ಪುವುದಿಲ್ಲ ಎಂದು ಮತ್ತೊಂದು ಅಧ್ಯಯನ ತೋರಿಸಿತು. ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿ ನಾನು ಹೇಳುವುದಿಷ್ಟು: ನಿಮ್ಮ ತಾಯಿಯವರಿಗೆ ಇದು ಮೊದಲ ಚಿಕಿತ್ಸೆಯಾಗಬಾರದು. ಸುಕ್ರಾಲ್ಫೇಟ್, ಆರ್ಗಾನ್ ಅಥವಾ ಫಾರ್ಮಲಿನ್ ಆದ ಮೇಲೂ ರಕ್ತ ನಿಲ್ಲದಿದ್ದರೆ, ಮಾಯದ ಹುಣ್ಣಿದ್ದರೆ, ಮೂತ್ರದಲ್ಲೂ ರಕ್ತ ಬರುತ್ತಿದ್ದರೆ ಆಗ ಯೋಚಿಸಬಹುದು. ಊರಿನಿಂದ ಬೆಂಗಳೂರಿನಂಥ ನಗರಕ್ಕೆ ಬಂದು ಎಂಟು ವಾರ ಉಳಿದುಕೊಳ್ಳುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಿವಿಯ ತಮಟೆ ನೋವು, ತಾತ್ಕಾಲಿಕವಾಗಿ ದೂರದೃಷ್ಟಿ ಮಂಜಾಗುವುದು ಇದರ ಸಾಮಾನ್ಯ ಅಡ್ಡಪರಿಣಾಮಗಳು. ಶ್ವಾಸಕೋಶದ ಕೆಲವು ಕಾಯಿಲೆಗಳಿರುವವರು ಕೋಣೆಯೊಳಗೆ ಹೋಗುವಂತೆಯೇ ಇಲ್ಲ.

ಪೆಂಟಾಕ್ಸಿಫಿಲಿನ್ ಮಾತ್ರೆಯ ಜೊತೆ ವಿಟಮಿನ್ ಇ ಕೊಡುವ ಪದ್ಧತಿಯೂ ಇದೆ. ಪೆಂಟಾಕ್ಸಿಫಿಲಿನ್ ಕಾಲಿನ ರಕ್ತನಾಳ ಕಿರಿದಾದವರಿಗೆಂದು ಬಂದ ಔಷಧ. ಕೆಂಪು ರಕ್ತಕಣಗಳನ್ನು ಮೆತ್ತಗಾಗಿಸಿ ಇಕ್ಕಟ್ಟಾದ ನಾಳದಲ್ಲೂ ನುಸುಳುವಂತೆ ಮಾಡುತ್ತದೆ. ವಿಕಿರಣದಿಂದ ಗಟ್ಟಿಯಾದ ಚರ್ಮ, ಸತ್ತ ದವಡೆ ಮೂಳೆ ಇವುಗಳಲ್ಲಿ ಈ ಜೋಡಿಯನ್ನು ಫ್ರಾನ್ಸಿನ ವೈದ್ಯರು ವರ್ಷಗಟ್ಟಲೆ ಬಳಸಿ ಉತ್ತಮ ಫಲಿತಾಂಶ ವರದಿ ಮಾಡಿದ್ದಾರೆ. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಬೇಗ ನಿಲ್ಲಿಸಿದರೆ ಗಟ್ಟಿತನ ಮರಳುತ್ತದೆ ಎಂಬುದನ್ನೂ ಅವರೇ ಗಮನಿಸಿದ್ದಾರೆ. ಆದರೆ ಇದೇ ಔಷಧ ರಕ್ತಸ್ರಾವವನ್ನು ಹೆಚ್ಚಿಸಬಲ್ಲದು. ಆದ್ದರಿಂದ ರಕ್ತ ಸುರಿಯುತ್ತಿರುವಾಗ ಇದನ್ನು ಶುರುಮಾಡುವುದು ನನಗೆ ಒಪ್ಪಿಗೆಯಿಲ್ಲ. ಯಾರೋ ಹೇಳಿದರೆಂದು ಔಷಧದಂಗಡಿಯಿಂದ ತಂದು ನುಂಗಿಸಬೇಡಿ. ರಕ್ತ ನಿಲ್ಲಿಸಲೆಂದು ಬರೆದುಕೊಡುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಗೆ ಈ ಕಾಯಿಲೆಯಲ್ಲಿ ಗಟ್ಟಿ ಆಧಾರವಿಲ್ಲ. ನಾಲ್ಕೈದು ದಿನಕ್ಕೆ ಸರಿ, ತಿಂಗಳುಗಟ್ಟಲೆ ಬೇಡ.

ಶಸ್ತ್ರಚಿಕಿತ್ಸೆ ಕಟ್ಟಕಡೆಯದು. ಬೇರೆ ಯಾವುದರಿಂದಲೂ ನಿಲ್ಲದ ರಕ್ತಸ್ರಾವ, ಯೋನಿಗೆ ರಂಧ್ರ, ಕರುಳಿನ ದಾರಿ ಕಟ್ಟಿಹೋಗುವುದು ಇಂಥ ಸಂದರ್ಭದಲ್ಲಿ ಹೊಟ್ಟೆಯ ಮೇಲೆ ಮಲದ ದಾರಿ ಮಾಡಿ ಗುದನಾಳಕ್ಕೆ ವಿಶ್ರಾಂತಿ ಕೊಡುತ್ತಾರೆ. ಅಲ್ಲಿಯವರೆಗೆ ಹೋಗುವವರು ಬಹಳ ಕಡಿಮೆ ಮಂದಿ. ಸೌಮ್ಯವಾದ ಸ್ರಾವವಿರುವ ಅನೇಕರಲ್ಲಿ ಒಂದೆರಡು ವರ್ಷದಲ್ಲಿ ಅದು ತಾನಾಗಿಯೇ ತಗ್ಗಿಹೋಗುವುದೂ ಉಂಟು.

ಆಹಾರದ ಬಗ್ಗೆ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಚರ್ಚೆ ನಡೆದೇ ಇರುತ್ತದೆ. ಮಲ ಮೆತ್ತಗಿರಬೇಕು, ತಿಣುಕುವಂತಾಗಬಾರದು. ರಾತ್ರಿ ಒಂದು ಚಮಚ ಇಸಬ್ಗೋಲ್ ಹೊಟ್ಟನ್ನು ಒಂದು ದೊಡ್ಡ ಲೋಟ ನೀರಿನ ಜೊತೆ ಕೊಟ್ಟರೆ ಹೆಚ್ಚಿನವರಿಗೆ ಸಾಕು. ಮುದ್ದೆ, ಅನ್ನ, ಸೊಪ್ಪಿನ ಸಾರು ಯಾವುದನ್ನೂ ಬಿಡಿಸಬೇಕಾಗಿಲ್ಲ. ಖಾರದಿಂದ ಉರಿ ಹೆಚ್ಚಬಹುದು, ರಕ್ತನಾಳ ಹಾಳಾಗುವುದಿಲ್ಲ. ರಕ್ತ ಹೆಚ್ಚಲೆಂದು ಬೀಟ್‌ರೂಟ್ ತಿನ್ನಿಸಿದರೆ ಮಾರನೆಯ ದಿನ ಮಲದ ಬಣ್ಣ ನೋಡಿ ನೀವೇ ಹೆದರುತ್ತೀರಿ. ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಮಾತ್ರ ಇಂದೇ ಬಿಡಿಸಿ. ತಂಬಾಕು ಮತ್ತು ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಎರಡೂ ವಿಕಿರಣ ಕೆಡಿಸಿದ ನಾಳಗಳನ್ನು ಇನ್ನಷ್ಟು ಕೆಡಿಸುತ್ತವೆ.

ಬೇರೆ ರಕ್ತನಾಳಗಳಿಗೂ ಹೀಗಾಗುತ್ತದೆಯೇ ಎಂಬ ಕೊನೆಯ ಪ್ರಶ್ನೆಗೆ: ವಿಕಿರಣ ಬಿದ್ದ ಜಾಗದ ನಾಳಗಳಿಗೆ ಮಾತ್ರ. ನಿಮ್ಮ ತಾಯಿಯವರ ಹೃದಯಕ್ಕೂ ಮೆದುಳಿಗೂ ಇದರಿಂದ ಅಪಾಯವಿಲ್ಲ. ಸೊಂಟದ ಮೂಲಕ ಕಾಲಿಗೆ ಹೋಗುವ ದೊಡ್ಡ ಧಮನಿಗಳು ವರ್ಷಗಳು ಕಳೆದಂತೆ ಕಿರಿದಾಗುವುದು ಅಪರೂಪಕ್ಕೆ ಉಂಟು. ನಡೆಯುವಾಗ ಮೀನಖಂಡವೋ ತೊಡೆಯೋ ಹಿಡಿದುಕೊಂಡು, ನಿಂತ ಕೂಡಲೇ ಬಿಡುತ್ತಿದ್ದರೆ ನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸಬೇಕು. ದೊಡ್ಡ ನಾಳಗಳಲ್ಲಿ ಹಾನಿಯ ರೀತಿಯೇ ಬೇರೆ: ಅಲ್ಲಿ ವಯಸ್ಸಾದವರ ನಾಳದಲ್ಲಿ ಕಟ್ಟುವಂಥ ಕೊಬ್ಬಿನ ಪದರವೇ ಬೇಗನೆ ಕಟ್ಟುತ್ತದೆ. ಆದ್ದರಿಂದ ಚಿಕಿತ್ಸೆಯೂ ಪರಿಚಿತವಾದದ್ದೇ: ರಕ್ತದೊತ್ತಡ, ಸಕ್ಕರೆ ಹತೋಟಿ, ರಕ್ತದ ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ, ಅಗತ್ಯಬಿದ್ದರೆ ಸ್ಟೆಂಟ್. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಕುತ್ತಿಗೆಗೆ ವಿಕಿರಣ ಪಡೆದವರು ನಮ್ಮ ರಾಜ್ಯದಲ್ಲಿ ಬಹಳ ಮಂದಿಯಿದ್ದಾರೆ. ಅವರಲ್ಲಿ ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ಧಮನಿ ಕಿರಿದಾಗಿ ಪಾರ್ಶ್ವವಾಯು ಆಗುವ ಸಂಭವ ಹೆಚ್ಚು. ಅಲ್ಲಿ ಕಿರಿದಾದ ಜಾಗ ತೆರೆಯಬೇಕಾದಾಗ, ಮಾಯಲು ಕಷ್ಟವಾದ ಕುತ್ತಿಗೆಯನ್ನು ಕೊಯ್ಯುವುದಕ್ಕಿಂತ ಒಳಗಿನಿಂದ ಸ್ಟೆಂಟ್ ಹಾಕುವುದನ್ನೇ ಹೆಚ್ಚಿನ ವೈದ್ಯರು ಆರಿಸಿಕೊಳ್ಳುತ್ತಾರೆ. ಸ್ತನ ಕ್ಯಾನ್ಸರ್‌ಗೆ ವಿಕಿರಣ ಪಡೆದ ಸ್ವೀಡನ್ ಮತ್ತು ಡೆನ್ಮಾರ್ಕ್‌ನ ಮಹಿಳೆಯರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯಕ್ಕೆ ಸರಾಸರಿ ಬಿದ್ದ ಪ್ರತಿಯೊಂದು ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ವಿಕಿರಣಕ್ಕೆ ಹೃದಯಾಘಾತದಂಥ ಘಟನೆಗಳ ಸಂಭವ ಶೇಕಡ 7.4ರಷ್ಟು ಏರುತ್ತಾ ಹೋದದ್ದು ಕಂಡುಬಂತು. ಎಡಸ್ತನಕ್ಕೆ ವಿಕಿರಣ ಕೊಡುವಾಗ ಉಸಿರು ಎಳೆದು ಹಿಡಿದುಕೊಳ್ಳಿ ಎಂದು ಈಗ ಹೇಳುವುದು ಇದಕ್ಕೇ. ಶ್ವಾಸಕೋಶ ತುಂಬಿಕೊಂಡಾಗ ಹೃದಯ ಕಿರಣದ ದಾರಿಯಿಂದ ಹಿಂದೆ ಸರಿಯುತ್ತದೆ.

ನೀವು ಈಗ ಮಾಡಬೇಕಾದದ್ದು: ಈ ವಾರವೇ ಕಬ್ಬಿಣಾಂಶದ ಡ್ರಿಪ್ ಹಾಕಿಸಿ, ಸುಕ್ರಾಲ್ಫೇಟ್ ಎನಿಮಾ ಶುರುಮಾಡಿಸಿ, ಆರ್ಗಾನ್ ಚಿಕಿತ್ಸೆ ಇರುವ ಜಠರ-ಕರುಳು ತಜ್ಞರಲ್ಲಿ ದಿನ ಗೊತ್ತುಮಾಡಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರದ ಯೋಜನೆಯಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ ತಿಳಿಯಬಹುದು. ರಕ್ತ ಗಡ್ಡೆಗಡ್ಡೆಯಾಗಿ ಬಂದರೆ, ತಾಯಿಯವರು ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಕುಸಿದರೆ, ಮಲ ಅಥವಾ ಗಾಳಿ ಯೋನಿಯ ಮೂಲಕ ಹೋದರೆ ಆ ದಿನದವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ವಿಕಿರಣ ಚಿಕಿತ್ಸೆ ಕೊಟ್ಟ ಆಸ್ಪತ್ರೆಯಿಂದ ಚಿಕಿತ್ಸೆಯ ಸಾರಾಂಶದ ಪ್ರತಿ ಪಡೆದು ಜೊತೆಗಿಟ್ಟುಕೊಳ್ಳಿ. ಹೊರಗಿನಿಂದ ಎಷ್ಟು ಗ್ರೇ, ಒಳಗಿನಿಂದ ಎಷ್ಟು ಗ್ರೇ, ಗುದನಾಳಕ್ಕೆ ಬಿದ್ದದ್ದೆಷ್ಟು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದು ಅದರಲ್ಲಿರುತ್ತದೆ. ಮುಂದೆ ಹಲ್ಲುನೋವಿಗೆ ಹೋದರೂ ಮೂಳೆ ಮುರಿದು ಹೋದರೂ ಆ ಕಾಗದ ಕಡತದ ಮೇಲ್ಗಡೆಯೇ ಇರಲಿ.